ಕುಣಿಗೆ ಕಾಲು ಮುಟ್ಟಿದ ದಿನ

ನಾನು ಚಿಕ್ಕವನಿದ್ದಾಗ, "ದೊಡ್ಡಾಂವ ಆಗಿ ಏನ್ ಮಾಡ್ತಿಯೋ ತಮ್ಮಾ" ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ಜರೂರಿಯೇ ಇರಲಿಲ್ಲ. ಉತ್ತರವನ್ನು ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ನಮ್ಮ ಮನೆಯ ಪಡಸಾಲೆಯಲ್ಲಿ ತೋಡಿ ಇಟ್ಟಿದ್ದರು. ಅದು ಮಗ್ಗದ ಕುಣಿ. ಕುಣಿ ಎಂದರೆ ನೆಲದಲ್ಲಿ ತೋಡಿದ ತಗ್ಗು. ಅದರ ದಂಡೆಯ ಮೇಲೆ ಕುಳಿತು, ಕಾಲುಗಳನ್ನು ಒಳಗೆ ಇಳಿಬಿಟ್ಟು ಅಪ್ಪ ಕಂಬಳಿ ನೇಯುತ್ತಿದ್ದ. ತಳದಲ್ಲಿ ಎರಡು ಹಲಗೆಗಳಿದ್ದವು. ಒಂದನ್ನು ತುಳಿದರೆ ಇನ್ನೊಂದು ಮೇಲೆ ಬರುತ್ತಿತ್ತು. ಆಗ ಮೇಲೆ ಬಿಗಿದ ಉಣ್ಣೆಯ ಎಳೆಗಳು ಬಾಯಿ ತೆರೆಯುತ್ತಿದ್ದವು, ಆ ಬಾಯಿಯೊಳಗೆ ಅಪ್ಪ ಅಡ್ಡ ನೂಲಿನ ಲಾಳಿ ಎಸೆಯುತ್ತಿದ್ದ. ಅಜ್ಜನೂ ಅಲ್ಲೇ ಕುಳಿತಿದ್ದನಂತೆ, ಅವನ ಅಪ್ಪನೂ ಅಲ್ಲೇ.

ನಮ್ಮದು ಸನಮಡಿ ಕಡೆಯ ಹಳ್ಳಿ, ಕುರಿ ಕಾಯುವ ಮನೆತನ. ಕಾಕಂದಿರು ಕುರಿಗಳ ಹಿಂದೆ ಹೋಗುತ್ತಿದ್ದರು, ಅವ್ವ ಮತ್ತು ಅಕ್ಕ ಉಣ್ಣೆ ನೂಲುತ್ತಿದ್ದರು, ಅಪ್ಪ ನೇಯುತ್ತಿದ್ದ. ಮನೆ ತುಂಬ ಉಣ್ಣೆಯ ವಾಸನೆ. ಎಳೆ ಗಟ್ಟಿಯಾಗಲೆಂದು ಹಚ್ಚುತ್ತಿದ್ದ ಹುಣಸೆ ಬೀಜದ ಗಂಜಿಯ ಹುಳಿ ವಾಸನೆ ಅದರ ಮೇಲೆ. ಸಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂಡುವ ಹುಡುಗ ಮೂಗು ಮುಚ್ಚಿಕೊಂಡಾಗಲೇ, ಅಂಥದೊಂದು ವಾಸನೆ ನನ್ನ ಮೈಗೂ ಇದೆ ಎಂದು ನನಗೆ ಗೊತ್ತಾದದ್ದು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ವರ್ಷ ದೀಪಾವಳಿ ಪಾಡ್ಯದ ದಿನ ಮಗ್ಗಕ್ಕೆ ಪೂಜೆ ಮಾಡಿ, ಮನೆಯ ಗಂಡುಹುಡುಗನನ್ನು ಕುಣಿಯ ದಂಡೆಯ ಮೇಲೆ ಕೂಡಿಸಿ ಕಾಲು ಇಳಿಬಿಡಿಸಿ ನೋಡುತ್ತಿದ್ದರು. ಹಲಗೆ ಮುಟ್ಟದಿದ್ದರೆ ಇನ್ನೊಂದು ವರ್ಷ ಸಾಲೆ. ಮುಟ್ಟಿದರೆ ಮರುದಿನದಿಂದ ಮಗ್ಗ. ಪರೀಕ್ಷೆ, ಅಂಕ, ಗುರುಗಳ ಮಾತು ಯಾವುದೂ ಲೆಕ್ಕಕ್ಕಿಲ್ಲ. ಕಾಲಿನ ಉದ್ದ ನೋಡಿ ಬದುಕು ಹಂಚುತ್ತಿದ್ದರು. ಅಪ್ಪ ಕೆಟ್ಟವನಲ್ಲ ಮಕ್ಕಳೇ, ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯೊಂದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ, ಅಷ್ಟೇ.

ನನಗೋ ಬಸ್ಸಿನ ಕಂಡಕ್ಟರ್ ಆಗಬೇಕಿತ್ತು. ನಗಬೇಡಿ. ಜತ್ತದಿಂದ ಮುಚ್ಚಂಡಿಯತ್ತ ಹೋಗುವ ಕೆಂಪು ಬಸ್ಸು ನಮ್ಮ ಫಾಟಾದಲ್ಲಿ, ಅಂದರೆ ಊರ ದಾರಿ ಕೂಡುವಲ್ಲಿ, ನಿಲ್ಲುತ್ತಿತ್ತು. ಕಂಡಕ್ಟರ್ ಹೆಗಲಿಗೆ ಚೀಲ ಹಾಕಿಕೊಂಡು, ಟಿಕೀಟಿಗೆ ತೂತು ಹೊಡೆಯುವ ಚಿಮುಟವನ್ನು ಸುಮ್ಮನೆ ಕಟಕಟ ಆಡಿಸುತ್ತ ನಿಲ್ಲುತ್ತಿದ್ದ. ಅವನು ಹಗ್ಗ ಎಳೆದು ಗಂಟೆ ಹೊಡೆದರೆ ಅಷ್ಟು ದೊಡ್ಡ ಬಸ್ಸು ಕುರಿಮರಿಯಂತೆ ನಿಂತುಬಿಡುತ್ತಿತ್ತು. ನನಗೆ ಗೊತ್ತಿದ್ದ ಕೆಲಸಗಳೇ ನಾಲ್ಕು: ಕುರಿ, ಮಗ್ಗ, ಮಾಸ್ತರಿಕೆ, ಕಂಡಕ್ಟರಿಕೆ. ಜಗತ್ತಿನಲ್ಲಿ ಬೇರೆ ಏನೇನಿದೆ ಎಂದು ತೋರಿಸುವವರು ಯಾರೂ ಇರಲಿಲ್ಲ. ಇದ್ದ ನಾಲ್ಕರಲ್ಲಿ ದೂರ ಹೋಗುವುದು ಯಾವುದೋ ಅದನ್ನು ನಾನು ಆರಿಸಿಕೊಂಡಿದ್ದೆ.

ಆ ವರ್ಷ ಹಾಳು ಕಾಲುಗಳು ಬೆಳೆದುಬಿಟ್ಟವು. ಚಡ್ಡಿ ಗಿಡ್ಡವಾಯಿತೆಂದು ಅವ್ವ ಹಿಗ್ಗಿದಳು. ನನಗೆ ಮಾತ್ರ ಅದು ಬೇಡವಾಗಿತ್ತು. ರೊಟ್ಟಿ ಕಡಿಮೆ ತಿಂದು ನೋಡಿದೆ, ಬೆನ್ನು ಬಾಗಿಸಿ ನಡೆದು ನೋಡಿದೆ. ಪಡಸಾಲೆ ದಾಟುವಾಗಲೆಲ್ಲ ಆ ಕಪ್ಪು ಕುಣಿ ನನ್ನ ಕಾಲನ್ನೇ ನೋಡುತ್ತಿದೆ ಎನಿಸುತ್ತಿತ್ತು. ಪಾಡ್ಯ ಹತ್ತಿರ ಬಂದಂತೆ ಮನೆಯ ಎಲ್ಲ ದಾರಿಗಳೂ ಆ ಕುಣಿಯ ಕಡೆಗೇ ಇಳಿಜಾರಾದಂತೆ ಅನ್ನಿಸಿ ಹೆದರಿಕೆಯಾಗುತ್ತಿತ್ತು.

ಪಾಡ್ಯ ಬಂತು. ಬೆಳಿಗ್ಗೆಯೇ ಕುರಿಗಳ ಮೈ ತೊಳೆದು ಬಣ್ಣ ಹಚ್ಚಿದ್ದರು. ಅಡುಗೆಮನೆಯಿಂದ ಕರ್ಚಿಕಾಯಿ ಕರಿಯುವ ವಾಸನೆ ಬರುತ್ತಿತ್ತು. ಅಪ್ಪ ಮಗ್ಗಕ್ಕೆ ಭಂಡಾರ, ಅಂದರೆ ದೇವರ ಅರಿಶಿನಪುಡಿ, ಎರಚಿ ಕಾಯಿ ಒಡೆದು ನನ್ನನ್ನು ದಂಡೆಯ ಮೇಲೆ ಕೂಡಿಸಿದ. ಎದುರಿಗೆ ಹೊಸದಾಗಿ ಬಿಗಿದ ಕರಿ ಎಳೆಗಳು ನನ್ನ ಎದೆಯ ತನಕ ಬಂದಿದ್ದವು.

"ಇಳಿಬಿಡು ಕಾಲ," ಎಂದ.

ಇಳಿಬಿಟ್ಟೆ. ಆದರೆ ಮೊಣಕಾಲು ಸ್ವಲ್ಪ ಮೇಲೆತ್ತಿ, ಹತ್ತೂ ಬೆರಳುಗಳನ್ನು ಒಳಕ್ಕೆ ಮುದುಡಿ ಹಿಡಿದೆ. ಅಪ್ಪ ಬಗ್ಗಿ ಕುಣಿಯೊಳಗೆ ನೋಡಿದ, ನನ್ನ ಮುಖ ನೋಡಿದ.

"ಇಂವ ಹೋದ ವರ್ಷಕಿಂತ ಗಿಡ್ಡ ಆಗ್ಯಾನಲಾ," ಎಂದು ಅವ್ವನಿಗೆ ಹೇಳಿ ಮೀಸೆಯಲ್ಲೇ ನಕ್ಕ. "ಇರಲಿ. ನಾವು ಕುರಿ ಓಡಿಸಿಕೊಂಡು ಬರತೀವಿ. ಅಲ್ಲೀತನಕ ಇಲ್ಲೇ ಕುಂದ್ರು. ಕಾಲು ದಣದು ತಾವ ಇಳೀತಾವು. ಒಂದ್ ಎಳಿ ಹರೀಬ್ಯಾಡ ಮತ್ತ, ನಿಮ್ಮವ್ವನ ಚಳಿಗಾಲ ಮಳಿಗಾಲದ ದುಡಿಮಿ ಐತಿ ಅದರಾಗ."

ಎಲ್ಲರೂ ಹೋದರು. ಪಾಡ್ಯದ ದಿನ ಕುರಿಗಳನ್ನು ಓಡಿಸಿ ಮೇಲೆ ಭಂಡಾರ ತೂರುವುದು ನಮ್ಮವರ ದೊಡ್ಡ ಸಂಭ್ರಮ. ಬಯಲಿನಿಂದ ಡೊಳ್ಳಿನ ಸದ್ದು, ಸೀಟಿ, ಕುರಿಗಳ ಕೂಗು ಕೇಳುತ್ತಿತ್ತು. ನಾನೊಬ್ಬ ಕಾಲು ಮುದುಡಿಕೊಂಡು ಕುಳಿತಿದ್ದೆ. ತೊಡೆಗಳು ಸೋಲತೊಡಗಿದವು. ಬಿಟ್ಟರೆ ಮುಟ್ಟುತ್ತದೆ. ಎದ್ದು ಓಡಿಹೋಗಲು ಅಪ್ಪನ ಮಾತು ಬಿಡಲೊಲ್ಲದು. ಆಗ ನನಗೊಂದು ಮಹಾ ಉಪಾಯ ಹೊಳೆಯಿತು. ಕಾಲುಗಳನ್ನು ಹಲಗೆಯ ಆಚೆ ಕುಣಿಯ ಗೋಡೆಗೆ ಒತ್ತಿ ಹಿಡಿದರೆ ದಣಿವೂ ಆಗುವುದಿಲ್ಲ, ಹಲಗೆಯೂ ಮುಟ್ಟುವುದಿಲ್ಲ ಎಂದುಕೊಂಡು ಮುಂದಕ್ಕೆ ಸರಿದೆ. ಸರಿದದ್ದೇ ಜಾರಿ ಕುಣಿಯೊಳಗೆ ಬಿದ್ದೆ. ಬಲಗಾಲು ಎರಡು ಹಲಗೆಗಳ ನಡುವೆ ಹೊಕ್ಕು ಸಿಕ್ಕಿಕೊಂಡಿತು.

ಎಳೆದಷ್ಟೂ ಹಲಗೆ ಕಚ್ಚಿ ಹಿಡಿಯಿತು. ಎದ್ದು ನಿಲ್ಲಲು ಹೋದರೆ ತಲೆ ಎಳೆಗಳಿಗೆ ತಾಗುತ್ತಿತ್ತು, ಅವು ಟಿಂಯ್ ಎನ್ನುತ್ತಿದ್ದವು. ಹರಿದರೆ ಅವ್ವನ ದುಡಿಮೆ ಹೋಯಿತು. ಹಾಗಾಗಿ ಎಳೆಗಳ ಕೆಳಗೆ ಕುಕ್ಕರುಗಾಲಲ್ಲಿ ಮುದುಡಿ ಕುಳಿತೆ. ಮೇಲೆ ಕರಿ ಉಣ್ಣೆಯ ಮಾಳಿಗೆ, ಸುತ್ತ ತಣ್ಣನೆಯ ಮಣ್ಣು, ಮೂಗಿನ ತುಂಬ ಗಂಜಿಯ ಹುಳಿ. ಕೂಗಿದೆ. ಡೊಳ್ಳಿನ ಸದ್ದಿನಲ್ಲಿ ನನ್ನ ಕೂಗು ಯಾರಿಗೆ ಕೇಳಬೇಕು? ನಾನಿನ್ನು ಇಲ್ಲಿಂದ ಹೊರಗೆ ಬರುವುದೇ ಇಲ್ಲ, ಮುದುಕನಾದರೂ ಇಲ್ಲೇ ಇರುತ್ತೇನೆ ಎಂದುಕೊಂಡು ಅತ್ತೆ.

ಬಂದವಳು ಅಕ್ಕ. ಮರೆತುಹೋದ ಬುತ್ತಿಗಂಟು ಒಯ್ಯಲು ಓಡಿ ಬಂದಿದ್ದಳು. ಎಳೆಗಳ ಸಂದಿಯಿಂದ ಇಣುಕಿ ನೋಡಿ, "ಸುಮ್ಮನ ಕುಂದ್ರು, ಎಳೀಬ್ಯಾಡ," ಎಂದಳು. ನನ್ನ ಕಾಲು ಬಿಡಬೇಕಾದರೆ ಒಂದು ಹಲಗೆಯನ್ನು ಯಾರಾದರೂ ತುಳಿದು ಕೆಳಗೆ ಒತ್ತಬೇಕಿತ್ತು. ನಮ್ಮಲ್ಲಿ ಹೆಣ್ಣುಮಕ್ಕಳು ನೂಲಬೇಕೇ ಹೊರತು ಕುಣಿಯಲ್ಲಿ ಕಾಲು ಇಳಿಬಿಡಬಾರದು. ಅಕ್ಕ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಲಂಗ ಸರಿಮಾಡಿಕೊಂಡು ದಂಡೆಯ ಮೇಲೆ ಕುಳಿತಳು. ಅವಳ ಕಾಲು ಸಲೀಸಾಗಿ ಹಲಗೆ ಮುಟ್ಟಿತು. ಯಾವಾಗಲೋ ಮುಟ್ಟುವಷ್ಟಾಗಿತ್ತು, ಅಳೆದು ನೋಡಿದವರು ಯಾರೂ ಇರಲಿಲ್ಲ.

ಅವಳು ತುಳಿದಳು. ನನ್ನ ಪಾದ ಹೊರಗೆ ಬಂತು, ಮೇಲಿನ ಚರ್ಮ ಸುಲಿದಿತ್ತು. ಆದರೆ ಅಕ್ಕ ಏಳಲಿಲ್ಲ. ಇನ್ನೊಂದು ಹಲಗೆ ತುಳಿದಳು. ಲಾಳಿ ಎಸೆದಳು. ನಾನು ಕುಣಿಯ ಮೂಲೆಯಲ್ಲಿ ಕುಳಿತು ಕೆಳಗಿನಿಂದ ನೋಡುತ್ತಿದ್ದೆ. ಎಳೆಗಳು ತೆರೆದಾಗ ಬೆಳಕು ಬರುತ್ತಿತ್ತು, ಮುಚ್ಚಿದಾಗ ಕತ್ತಲಾಗುತ್ತಿತ್ತು. ಅಕ್ಕನ ಕಾಲುಗಳು ಹಳೆಯ ಪರಿಚಯದವರಂತೆ ಆ ಹಲಗೆಗಳ ಜೊತೆ ಆಡುತ್ತಿದ್ದವು. ಅವಳು ಏನೋ ಗುನುಗುತ್ತಿದ್ದಳು. ಮನೆಯಲ್ಲಿ ಅವಳು ಹಾಗೆ ಗುನುಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಬುತ್ತಿ ಬರಲಿಲ್ಲವೆಂದು ಅಪ್ಪ ಹುಡುಕಿಕೊಂಡು ಬಂದ. ತಲೆಯಿಂದ ಕಾಲಿನವರೆಗೆ ಹಳದಿಯಾಗಿ ಬಾಗಿಲಲ್ಲಿ ನಿಂತ. ಲಾಳಿ ನಿಂತಿತು.

"ಏಳವಾ," ಎಂದ. ಬೈಯಲಿಲ್ಲ.

ಅಕ್ಕ ಎದ್ದು ಗೋಡೆಗೆ ಆನಿಕೊಂಡಳು. ಅವಳ ಧ್ವನಿ ಸಣ್ಣದಾಗಿತ್ತು. "ಅಪ್ಪಾ, ನಾ ಕುಂದ್ರತೀನಿ. ತಮ್ಮನ್ನ ಸಾಲಿಗೆ ಕಳಸು."

ಅಪ್ಪ ಅವಳು ನೇಯ್ದ ಜಾಗದ ಮೇಲೆ ಬೆರಳಾಡಿಸಿದ. "ಕುಣ್ಯಾಗ ಮಗಳ್ನ ಕುಂಡ್ರಿಸಿದ್ರ ಮಂದಿ ಏನಂದಾರವಾ," ಎಂದ. ಆಮೇಲೆ ನನ್ನ ಕಡೆ ತಿರುಗಿ, ರಕ್ತ ಜಿನುಗುತ್ತಿದ್ದ ನನ್ನ ಪಾದ ನೋಡಿದ. ಅಲ್ಲಿಯೇ ಭಂಡಾರ ಒತ್ತಿ ಹಚ್ಚಿದ. "ಹಲಗಿ ಕಚ್ಚೇತಿ ಅಂದಮ್ಯಾಲ ಕಾಲ ಮುಟ್ಟೇತಿ ಅಂತಾತಲ್ಲೋ ತಮ್ಮಾ," ಎಂದ.

ಮುಟ್ಟಬಾರದೆಂದು ಹೂಡಿದ ಉಪಾಯವೇ ಮುಟ್ಟಿದ್ದಕ್ಕೆ ಸಾಕ್ಷಿ ಹೇಳಿತ್ತು.

ಮರುದಿನ ನಾನು ದಂಡೆಯ ಮೇಲೆ ಕುಳಿತೆ. ಸಾಲೆಯ ಗಂಟೆ ಅಲ್ಲಿಗೇ ಕೇಳುತ್ತಿತ್ತು. ಅಕ್ಕ ನೇಯ್ದ ಎಳೆಗಳನ್ನು ಅಪ್ಪ ಬಿಚ್ಚಲಿಲ್ಲ, ಅಲ್ಲಿಂದಲೇ ಮುಂದುವರಿಸು ಎಂದ. ಅವಳ ಮದುವೆಯಲ್ಲಿ ಅದೇ ಕಂಬಳಿ ಹಾಸಿ ಅದರ ಮೇಲೆಯೇ ಅವಳನ್ನು ಕೂಡಿಸಿದರು. ಅಕ್ಷತೆ ಬೀಳುವಾಗ ಅವಳು ತಲೆ ತಗ್ಗಿಸಿ ಕಂಬಳಿಯ ಒಂದು ತುದಿಯನ್ನು ಬೆರಳಿನಿಂದ ಸವರುತ್ತಿದ್ದಳು. ವಧು ನಾಚಿದ್ದಾಳೆ ಎಂದು ಬೀಗರು ಮೆಚ್ಚಿಕೊಂಡರು. ನನಗೆ ಮಾತ್ರ ಅಳು ಬಂದು ಹೊರಗೆ ಹೋದೆ.

ನೇಯುವುದನ್ನು ನಾನು ಕಲಿತೆ, ಚೆನ್ನಾಗಿಯೇ ಕಲಿತೆ. ಈ ಊರಿನ ನಿಮ್ಮ ಅಪ್ಪಂದಿರು ನಾನು ನೇಯ್ದ ಕಂಬಳಿ ಹೊದ್ದೇ ಬೆಳೆದರು. ಇಷ್ಟವಾಯಿತೇ ಎಂದು ಮಾತ್ರ ಕೇಳಬೇಡಿ. ಗಿರಣಿಯ ರಗ್ಗುಗಳು ಬಂದ ಮೇಲೆ ಕಂಬಳಿ ಕೇಳುವವರಿಲ್ಲದೆ ಮಗ್ಗ ನಿಂತಿತು. ನಾನು ಕುಣಿಯ ಮೇಲೆ ಹಲಗೆ ಮುಚ್ಚಿದೆ. ಅಕ್ಕ ಗಂಡನ ಊರು ಸೊರಡಿಯಿಂದ ಬಂದಾಗಲೆಲ್ಲ ಖುರ್ಚಿ ಬಿಟ್ಟು ಅದರ ಮೇಲೆಯೇ ಕೂಡುತ್ತಾಳೆ. "ನಾ ಬೇಡಿದ್ದು ನಿನಗ ಕೊಟ್ರು ನೋಡು," ಎಂದು ಒಮ್ಮೆ ಅಂದಳು. ನಗುತ್ತಲೇ ಅಂದಳು.

ಈಗ ನನ್ನ ಮೊಮ್ಮಗಳು ಆರನೆಯ ಇಯತ್ತೆಯಲ್ಲಿದ್ದಾಳೆ. ಅವಳ ಸಾಲೆಯಲ್ಲಿ ವಾರಕ್ಕೊಂದು ಕೆರಿಯರ್ ತಾಸು ಇದೆ. ಯಾವ ಯಾವ ಉದ್ಯೋಗಗಳಿವೆ, ಯಾವುದಕ್ಕೆ ಏನು ಓದಬೇಕು ಎಂದು ಪಡದೆಯ ಮೇಲೆ ತೋರಿಸುತ್ತಾರಂತೆ. ಮೊದಲ ದಿನ ಅವಳು ಬಂದು ಹೇಳುವಾಗ ನಾನು ಬಾಯಿ ತೆರೆದು ಕೇಳಿದೆ. ಸಮುದ್ರದ ತಳ ಅಳೆಯುವವರೂ ಇದ್ದಾರಂತೆ. ಇದನ್ನೆಲ್ಲ ನನಗೂ ಅಕ್ಕನಿಗೂ ಯಾರಾದರೂ ಆ ವಯಸ್ಸಿನಲ್ಲಿ ಹೇಳಿದ್ದರೆ ಎಂದು ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಹೋದ ವಾರ ಅವಳು ಬಂದವಳೇ ಸಪ್ಪಗೆ ಆ ಮುಚ್ಚಿದ ಕುಣಿಯ ಮೇಲೆ ಕುಳಿತಳು. ಶನಿವಾರದೊಳಗೆ ಎಲ್ಲರೂ ಒಂದು ಉದ್ಯೋಗ ಆರಿಸಿಕೊಂಡು, ಅದರ ವೇಷ ಹಾಕಿಕೊಂಡು ಬಂದು ಮಾತಾಡಬೇಕಂತೆ. ಅವರಪ್ಪ ಡಾಕ್ಟರ್ ಎನ್ನು ಎಂದ. ಅವರವ್ವ ಕಲೆಕ್ಟರ್ ಎನ್ನು ಎಂದಳು. ಸಾಲೆಯ ಗೋಡೆಯ ಮೇಲೂ ಅದೇ ಗಾದೆ ಬರೆದಿದ್ದಾರಂತೆ, ಗಿಡವಾಗಿ ಬಗ್ಗದ್ದು.

"ಅಜ್ಜಾ, ನನಗ ಇನ್ನಾ ಗೊತ್ತೇ ಇಲ್ಲ," ಎಂದಳು.

ನಾನು ಅವಳ ಕಾಲು ನೋಡಿದೆ. ಹತ್ತೂ ಬೆರಳುಗಳನ್ನು ಒಳಕ್ಕೆ ಮುದುಡಿ ಹಿಡಿದಿದ್ದಳು. ನನ್ನ ಸುಲಿದ ಪಾದದ ಹಳೆಯ ಕಲೆ ಚುರುಗುಟ್ಟಿದಂತಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಇವಳನ್ನು ಎಲ್ಲರೂ ಕೇಳುತ್ತಿದ್ದಾರೆ, ತಾವೇ ಉತ್ತರ ಹಿಡಿದುಕೊಂಡು.

"ಗೊತ್ತಿಲ್ಲ, ಇನ್ನಾ ನೋಡಾಕತ್ತೀನಿ ಅಂತನ ಹೇಳವಾ. ವೇಷ ಕೇಳಿದ್ರ ಸಾಲಿ ಬಟ್ಟೀನ ಹಾಕ್ಕೊಂಡು ಹೋಗು," ಎಂದೆ. "ನಿಮ್ಮಪ್ಪಗ ನಾ ಹೇಳತೀನಿ."

ಆಮೇಲೆ ಯಾಕೋ ಮನಸ್ಸಿಗೆ ಬಂದು ಮೇಲಿನ ಹಲಗೆ ಸರಿಸಿದೆ. ಒಳಗೆ ಧೂಳು, ಜೇಡರ ಬಲೆ. ತುಳಿಯುವ ಹಲಗೆಗಳು ಹಾಗೆಯೇ ಇದ್ದವು. ಅವಳು ಕುತೂಹಲದಿಂದ ದಂಡೆಯ ಮೇಲೆ ಕುಳಿತು ಕಾಲು ಇಳಿಬಿಟ್ಟಳು. ಮುಟ್ಟಿತು. ಅವಳು ಒಂದನ್ನು ತುಳಿದಳು, ಇನ್ನೊಂದನ್ನು ತುಳಿದಳು, ಅವು ಕಿರ್ರೆಂದಾಗ ನಕ್ಕಳು.

"ಚಲೋ ಐತಿ ಅಜ್ಜಾ," ಎಂದಳು.

ಅಷ್ಟರಲ್ಲಿ ಹೊರಗೆ ಗೆಳತಿಯರು ಕರೆದರು. ಅವಳು ಎದ್ದು, ಲಂಗದ ಧೂಳು ಕೊಡವಿಕೊಂಡು ಓಡಿಹೋದಳು. ಆ ಕುಣಿಯಿಂದ ಹಾಗೆ ಸುಮ್ಮನೆ ಎದ್ದು ಹೋಗಬಹುದು ಎಂಬುದನ್ನು ನಾನು ಅವತ್ತೇ ಮೊದಲ ಸಲ ನೋಡಿದೆ.