ಗಂಡಸಿಗೊಂದು ಬಯಕೆ ಊಟ

ಏಳನೇ ತಿಂಗಳಲ್ಲಿ ಬಸುರಿಗೆ ಹೂ ಮುಡಿಸಿ, ಬಯಸಿದ್ದನ್ನೆಲ್ಲ ಬಡಿಸುವುದು ನಮ್ಮ ಕಡೆಯ ಬಯಕೆ ಊಟ. ಅದನ್ನು ಕುವೈತಿನ ಪಂಚತಾರಾ ಹೋಟೆಲಿನಲ್ಲಿ, ಮೀಸೆ ಹೊತ್ತ ಗಂಡಸೊಬ್ಬನಿಗೆ ಮಾಡಿದ ಕೀರ್ತಿ ನನ್ನದು. ತೊಂಬತ್ತರ ಜುಲೈ ಕೊನೆಯ ಶುಕ್ರವಾರ ಅದು. ಹವಲ್ಲಿಯ ಒಂದೇ ಫ್ಲ್ಯಾಟಿನಲ್ಲಿದ್ದ ನಾವು ಮೂವರು ಟೈ ಕಟ್ಟಿಕೊಂಡು, ಕಡಲು ಕಾಣುವ ಟೇಬಲ್ಲಿನಲ್ಲಿ ಗಂಭೀರವಾಗಿ ಕುಳಿತಿದ್ದೆವು. ಒಬ್ಬ ಕೊಂಕಣಿ ಮಾತಾಡುವ ಕ್ರೈಸ್ತ ಗೆಳೆಯ, ಒಬ್ಬ ನಾನು. ಇನ್ನೊಬ್ಬ, ತಂದೆಯಾಗಲಿದ್ದವನು. ಹೆಂಡತಿಯ ಬಯಕೆ ಊರಿನಲ್ಲಿ ಇವನಿಲ್ಲದೆ ಮುಗಿದಿತ್ತು. ಹೂದಾನಿಯ ಗುಲಾಬಿಯನ್ನು ಕಿತ್ತು ಇವನ ಕಿವಿಗೆ ಸಿಕ್ಕಿಸಿದೆ. ವೇಟರ್ ನೋಡಿಯೂ ನೋಡದವನಂತೆ ಕುರಿಮಾಂಸದ ಅನ್ನ ಬಡಿಸಿದ.

ಮಂಗಳವಾರದ ವಿಮಾನದ ಟಿಕೆಟ್ ಇವನ ಜೇಬಿನಲ್ಲಿತ್ತು. ಮೊದಲ ಮಗು ಹುಟ್ಟಿದ್ದೂ, ಒಂಬತ್ತನೇ ದಿನ ಹೋದದ್ದೂ ಇವನಿಗೆ ಒಂದೇ ಪತ್ರದಲ್ಲಿ ತಿಳಿದಿತ್ತು. ಈ ಸಲ ಹೆರಿಗೆಯ ಹೊತ್ತಿಗೆ ಊರಿನಲ್ಲಿರಬೇಕೆಂಬುದು ಇವನ ಹಟ.

ನಾನು ಸುಮ್ಮನೆ ತಿಂದು ಏಳಬಹುದಿತ್ತು. ಆದರೆ ಹೊಟ್ಟೆ ತುಂಬಿದ ಮೇಲೆ ನನಗೆ ಬುದ್ಧಿ ಹೇಳುವ ಚಪಲ.

"ಎಂತ ಮಾರಾಯ, ಈಗ ಆಟಿ ಅಲ್ವಾ? ಆಟಿಯಲ್ಲಿ ಯಾರಾದ್ರೂ ಒಳ್ಳೆ ಕೆಲ್ಸಕ್ಕೆ ಹೊರಡ್ತಾರಾ? ಆಟಿ ಮುಗ್ದು ಸೋಣ ತಿಂಗಳು ಬರ್ಲಿ. ಹೆರಿಗೆಗೆ ಇನ್ನೂ ಟೈಮುಂಟು."

ತುಳುವರು ಶುಭಕಾರ್ಯಕ್ಕೆ ಕೈಹಾಕದ ಮಳೆಗಾಲದ ತಿಂಗಳು ಆಟಿ. ಊರಿನಲ್ಲಿದ್ದಾಗ ನನಗೆ ಅದು ಯಾವಾಗ ಬಂತು, ಯಾವಾಗ ಹೋಯಿತು ಎಂದೂ ಗೊತ್ತಾಗುತ್ತಿರಲಿಲ್ಲ. ಕಡಲು ದಾಟಿದ ಮೇಲೆ ನಾನು ಪಂಚಾಂಗದ ವಾರಸುದಾರನಾಗಿದ್ದೆ.

"ನಮ್ಮಲ್ಲಿ ಆಟಿಗೀಟಿ ಇಲ್ಲ," ಎಂದ ಕೊಂಕಣಿ ಗೆಳೆಯ, ಐಸ್‌ಕ್ರೀಮ್ ಚಮಚ ನೆಕ್ಕುತ್ತ. "ಆದ್ರೂ ಸುಮ್ನೆ ರಿಸ್ಕ್ ಯಾಕೆ?"

ಒಂದು ಮಗುವನ್ನು ಕಳೆದುಕೊಂಡವನ ಮುಂದೆ ರಿಸ್ಕ್ ಎಂಬ ಮಾತು ಆಡಬಾರದಿತ್ತು. ಇವನ ಮುಖ ಸಪ್ಪಗಾಯಿತು. ಶನಿವಾರ ಹೋಗಿ ಟಿಕೆಟನ್ನು ಮೂರು ವಾರ ಮುಂದಕ್ಕೆ ಹಾಕಿಸಿ, ಹೆಂಡತಿಗೆ ಫೋನ್ ಮಾಡಿ ಬಂದ. ಇವನನ್ನು ಕೆಲಸಕ್ಕಿಟ್ಟುಕೊಂಡಿದ್ದ ಕಫೀಲನಿಗಂತೂ ಖುಷಿಯೋ ಖುಷಿ.

ಅದೇ ಗುರುವಾರ ಬೆಳಗಾಗುವಷ್ಟರಲ್ಲಿ ಇರಾಕಿನ ಟ್ಯಾಂಕುಗಳು ರಸ್ತೆಯಲ್ಲಿದ್ದವು. ಅವಕ್ಕೆ ಆಟಿಯ ನಿಷೇಧ ತಿಳಿದಿರಲಿಲ್ಲ. ವಿಮಾನ ನಿಂತಿತು, ಫೋನ್ ಸತ್ತಿತು.

ಹವಲ್ಲಿಯಲ್ಲಿ ರೊಟ್ಟಿಯ ಸಾಲಿನಲ್ಲಿ ನಿಂತಿದ್ದಾಗ ಒಂದು ದಿನ ಇವನೇ ಹೇಳಿದ: "ಇವತ್ತಿಗೆ ಆಟಿ ಖಲಾಸ್. ನಾಳೆಯಿಂದ ಹೊರಡ್ಬಹುದು." ಕುಹಕವೋ, ಸಮಾಧಾನವೋ ತಿಳಿಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬಸ್ರಾ, ಬಾಗ್ದಾದ್, ಅಮ್ಮಾನ್ ಎಂದು ಅಲೆದು ಮುಂಬಯಿಯಲ್ಲಿಳಿದಾಗ ಸೆಪ್ಟೆಂಬರ್ ಅರ್ಧ ಕಳೆದಿತ್ತು. ವಿಮಾನ ನಿಲ್ದಾಣದ ಫೋನಿನಲ್ಲಿ ಇವನಿಗೆ ಹೆಂಡತಿ ಸಿಕ್ಕಳು. ಹೆಣ್ಣು ಮಗು, ಹದಿನೆಂಟು ದಿನ, ತಾಯಿ ಮಗು ಇಬ್ಬರೂ ಕ್ಷೇಮ. ಇವನು ಅಳುತ್ತಲೇ ಇದ್ದ. ನಂತರ ರಿಸೀವರನ್ನು ನನ್ನ ಕೈಗೆ ಕೊಟ್ಟ.

"ಟಿಕೆಟ್ ಸಿಗ್ಲಿಲ್ಲ ಅಂತ ಇವ್ರು ಆ ಶನಿವಾರವೇ ಫೋನ್ ಮಾಡಿದ್ರು," ಎಂದರು ಆಕೆ. "ಏನು ಮಾಡುದು, ನಮ್ಮ ಹಣೆಬರಹ. ನೀವು ಜೊತೆಗಿದ್ರಿ, ಅದಕ್ಕೆ ಬದುಕಿ ಬಂದ್ರು. ನಿಮ್ಮ ಉಪಕಾರ ಮರೆಯುದಿಲ್ಲ."

ನಾನು ಇವನ ಕಡೆ ನೋಡಿದೆ. ಇವನು ಮುಖ ಒರೆಸಿಕೊಳ್ಳುವುದರಲ್ಲಿ ಮಗ್ನನಾಗಿದ್ದ.

"ನಾನೇನೂ ಮಾಡ್ಲಿಲ್ಲ," ಎಂದೆ. ಆಕೆ ಅದನ್ನು ವಿನಯವೆಂದು ತಿಳಿದು ಇನ್ನೊಮ್ಮೆ ಉಪಕಾರ ಹೇಳಿದರು.