ಅಕ್ಕನ ಕಣ್ಣಿನ ನವೆ

ಕಳೆದ ವಾರ ದಾವಣಗೆರೆಯಲ್ಲಿ ನಾನಿದ್ದ ಆಟೋ ಮಂಡಕ್ಕಿ ಹುರಿಯುವ ಭಟ್ಟಿಯ ಮುಂದೆ ಹಾದಾಗ ಬಿಸಿ ಮರಳು, ಸುಟ್ಟ ಹೊಟ್ಟಿನ ವಾಸನೆ ಬಂತು. ವಿನೋಬನಗರದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅಕ್ಕ ನೆನಪಾದಳು. ಭಟ್ಟಿ ಕೆಲಸ ಮುಗಿಸಿ ಬಂದಾಗ ಅವಳ ಸೀರೆಯಲ್ಲೂ ಇದೇ ವಾಸನೆ ಇರುತ್ತಿತ್ತು...

ಚಿಕ್ಕಂದಿನಿಂದಲೂ ಧೂಳು ಆಗದ ಮೈ ಅವಳದು. ಭಟ್ಟಿಗೆ ಸೇರಿದ ಮೇಲಂತೂ ಕಣ್ಣು ಸದಾ ಕೆಂಪು. ನವೆ ಶುರುವಾದರೆ ಮುಷ್ಟಿಯಿಂದ ತಿಕ್ಕುತ್ತಿದ್ದಳು. ಒಂದು ಗಳಿಗೆ ಹಾಯೆನಿಸಿದರೆ ಮರುಗಳಿಗೆ ನವೆ ಇನ್ನೂ ಹೆಚ್ಚುತ್ತಿತ್ತು.

"ಚಟ ಐತೆ ಅವಳಿಗೆ, ಕೈ ಸುಮ್ಮನಿರಲ್ಲ" ಎಂದು ಅವಳ ಅತ್ತೆ ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ಗಂಡನೂ ಹಾಗೇ ತಿಳಿದಿದ್ದ. ಕೊನೆಕೊನೆಗೆ ಅವಳೂ ನಂಬಿದಳು. ಆಗ ಕಾಲೇಜು ಓದುತ್ತಿದ್ದ ನನ್ನನ್ನು ರಾತ್ರಿ ಕರೆದು, ಹಳೇ ಸೀರೆಯ ತುಂಡು ಕೊಟ್ಟು, "ಕೈ ಕಟ್ಟವ್ವ, ನಿದ್ದ್ಯಾಗೆ ತಿಕ್ಕೊಂಡುಬಿಡ್ತೀನಿ" ಎನ್ನುತ್ತಿದ್ದಳು. ಕಟ್ಟುತ್ತಿದ್ದೆ. ಬೆಳಿಗ್ಗೆ ಗಂಟು ಬಿಚ್ಚಿರುತ್ತಿತ್ತು, ಕಣ್ಣು ಬಾತಿರುತ್ತಿತ್ತು.

ಒಂದು ದಿನ ನಾನೇ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಬಹಳ ಹೊತ್ತು ನೋಡಿದರು.

"ಇದು ಚಟ ಅಲ್ಲಮ್ಮ. ಧೂಳು ತಾಗಿದಾಗ ಅಲರ್ಜಿಯ ಜೀವಕೋಶಗಳು ಕಣ್ಣಿನ ನರಗಳನ್ನ ಕೆರಳಿಸ್ತವೆ. ಕೆರಳಿದ ನರಗಳ ತುದಿಯಿಂದ್ಲೂ ಒಂಥರಾ ರಾಸಾಯನಿಕಗಳು ಹೊರಬರ್ತವೆ. ಅವು ಆ ಜೀವಕೋಶಗಳನ್ನ ಮತ್ತೆ ಕೆಣಕ್ತವೆ. ಉಜ್ಜಿದ್ರೆ ಇನ್ನೂ ಜಾಸ್ತಿ."

ಅಕ್ಕ ಮೆಲ್ಲಗೆ, "ಹಂಗಾರೆ ನನ್ನ ತಪ್ಪಲ್ಲೇನ್ರಿ?" ಎಂದಳು.

"ಅಲ್ಲ. ಆದ್ರೆ ಉಜ್ಜಿ ಉಜ್ಜಿ ಕಪ್ಪುಗುಡ್ಡೆ ಮೊನಚಾಗ್ತಾ ಬಂದೈತೆ, ಕಲೆನೂ ಆಗೈತೆ, ದೃಷ್ಟಿಗೇ ಅಪಾಯ. ಧೂಳಿನ ಕೆಲಸ ಬ್ಯಾಡ."

ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತಳು. ಸಮಾಧಾನಕ್ಕೋ, ಭಯಕ್ಕೋ... ಡಾಕ್ಟರು ಹೇಳಿದ್ದನ್ನು ನಾನು ಮನೆಗೆ ಬಂದು ಅವಳ ಅತ್ತೆಗೆ ವಿವರಿಸಿದೆ. "ನರದಾಗಿಂದ ಏನು ಬರ್ತೈತವ್ವ? ಮನಸ್ಸು ಗಟ್ಟಿ ಇರಬೇಕು" ಎಂದರು.

ಅವಳು ಭಟ್ಟಿ ಬಿಟ್ಟಳು, ತಪ್ಪದೆ ಹನಿ ಹಾಕಿಕೊಂಡಳು. ಕೆಲವು ತಿಂಗಳು ತಗ್ಗಿದಂತಿದ್ದ ನವೆ ಮತ್ತೆ ಮರಳಿತು. ದೃಷ್ಟಿ ಮಂಜಾದಾಗ, ತೀರಿಕೊಂಡವರೊಬ್ಬರ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ ತಂದು ಕಸಿ ಮಾಡಿದರು. ಅದೂ ಮಬ್ಬಾಯಿತು. ಗಂಡ ಅವಳನ್ನು ಹರಿಹರದ ತವರಿಗೆ ಬಿಟ್ಟು ಬಂದ. ನಾನೂ ಮದುವೆಯಾಗಿ ಬೇರೆ ಕಡೆ ಹೋದೆ...

ಆ ವಾಸನೆ ಬಂದ ಮೇಲೆ ತಡೆಯಲಾಗದೆ ಈ ಭಾನುವಾರ ಮಗಳನ್ನು ಕರೆದುಕೊಂಡು ಹರಿಹರಕ್ಕೆ ಹೋದೆ. ಅಕ್ಕನಿಗೀಗ ಕಾಣುವುದು ಬೆಳಕು, ನೆರಳು ಅಷ್ಟೇ. ದನಿ ಕೇಳಿ ನನ್ನ ಗುರುತು ಹಿಡಿದಳು. ಮಗಳ ಮುಖವನ್ನು ಬೆರಳಿನಿಂದ ಸವರುತ್ತಾ, "ಯಾರಂಗೆ ಅದಾಳೆ?" ಎಂದು ಕೇಳಿದಳು.

"ನನ್ನಂಗೇ ಅಂತಾರಕ್ಕ."

ಬೆರಳು ಅಲ್ಲೇ ನಿಂತಿತು.

"ನಿನ್ನ ಮುಖ ಹೆಂಗಿತ್ತು ಅಂತ ಆಗ್ಲಿಂದ ನೆನಸ್ತಾ ಇದೀನಿ... ನೆನಪಿಗೇ ಬರವಲ್ದು ನೋಡು."