ಗಾಲಿಯ ಮೇಲಿನ ಮಣ್ಣಿನ ಗೋಡೆ

ಅನ್ನಪೂರ್ಣಾ ಕೂತಲ್ಲಿ ಕೂರುವ ಹೆಂಗಸಲ್ಲ. ಊಟಕ್ಕೆ ಕೂತರೂ ನಡುವೆ ಎದ್ದು ಬಾಗಿಲಾಚೆ ಇಣುಕಿ ಬರುತ್ತಾಳೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಸಂಗೊಳ್ಳಿಯಲ್ಲಿ ಎಲ್ಲರೂ ನಗುತ್ತಿದ್ದರು, ನಾನೂ ನಕ್ಕವನೇ. ಆಮೇಲೆ ಅವಳು ಮನೆಗೂ ಚಕ್ರ ಕಟ್ಟಿದಳು. ಅದನ್ನು ಎಳೆಯುವ ಟ್ರ್ಯಾಕ್ಟರ್ ನನ್ನದೇ ಆಗಿದ್ದರಿಂದ ನನ್ನ ನಗು ಸ್ವಲ್ಪ ಕಡಿಮೆಯಾಯಿತು.

ನಾನು ಸತ್ಯಪ್ಪ. ಅವಳ ತಮ್ಮ ಅರ್ಜುನನ ಹೊಲಕ್ಕೂ ನನ್ನ ಹೊಲಕ್ಕೂ ನಡುವೆ ಒಂದೇ ಬದು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಅನ್ನಪೂರ್ಣಾ ತವರಿಗೆ ಬಂದಳು. ಹಿತ್ತಲ ಕೋಣೆಯಲ್ಲಿದ್ದು, ಮದುವೆ ಮನೆಗಳಿಗೆ ಖಡಕ್ ರೊಟ್ಟಿ ಬಡಿದು ಕೊಟ್ಟು ತನ್ನ ಖರ್ಚು ತಾನೇ ನೋಡಿಕೊಂಡಳು. ತಮ್ಮನ ಮಗನಿಗೆ ಹೆಣ್ಣು ಗೊತ್ತಾದಾಗ ಆ ಕೋಣೆ ಬೇಕಾಯಿತು. ಯಾರೂ ಹೋಗು ಎನ್ನಲಿಲ್ಲ. ಅವಳ ಗಂಟುಮೂಟೆಯನ್ನು ಮಾತ್ರ ಒಂದು ಮಧ್ಯಾಹ್ನ ಪಡಸಾಲೆಗೆ ತಂದಿಟ್ಟರು.

ಅವಳು ಕೇಳಿದ್ದು ಹೊಲದ ಮೂಲೆಯಲ್ಲಿ, ಬೇವಿನ ಮರದ ಕೆಳಗೆ, ಒಂದು ಕೋಣೆ ಕಟ್ಟಿಕೊಳ್ಳುವಷ್ಟು ಜಾಗ. ಯಾರೂ ತನ್ನನ್ನು ಏಳು ಎನ್ನಲಾರದ ಒಂದು ಮೂಲೆ ಸಿಕ್ಕರೆ ಸಾಕಿತ್ತು ಅವಳಿಗೆ. ಅರ್ಜುನ ಕೆಟ್ಟವನಲ್ಲ, ಅಂಜುಬುರುಕ. ಕಾಯ್ದೆಯಲ್ಲಿ ಅಕ್ಕನಿಗೂ ಪಾಲುಂಟು, ಇವತ್ತು ಕೋಣೆ ಎಂದವಳು ನಾಳೆ ಪಾಲು ಎಂದರೆ ಏನು ಗತಿ ಎಂಬ ಹುಳ ಅವನ ತಲೆ ಹೊಕ್ಕಿತ್ತು. ಬಹಳ ದಿನ ತಡವರಿಸಿ ಕೊನೆಗೆ ಹೇಳಿದ.

"ಇರು ಅಕ್ಕಾ, ಯಾರ್ ಬ್ಯಾಡ ಅಂತಾರ. ಪಾಯಾ ಒಂದು ತೋಡಬ್ಯಾಡ."

ಪಾಯ ಇಲ್ಲದ ಮನೆ ಎಲ್ಲಿಂದ ಬರಬೇಕು? ನಾನಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಅವಳು ಎಂ.ಕೆ. ಹುಬ್ಬಳ್ಳಿಗೆ ಹೋಗಿ, ಕಬ್ಬು ಹೇರಿ ಹೇರಿ ಸವೆದ ಹಳೆಯ ಟ್ರೇಲರ್ ಒಂದನ್ನು ಗುಜರಿಯಿಂದ ಕೊಂಡು ತಂದು ಬೇವಿನ ಕೆಳಗೆ ನಿಲ್ಲಿಸಿದಳು. ವೆಲ್ಡಿಂಗ್ ಮಾಡುವ ಹಜರತಸಾಬ ಅದರ ಮೇಲೆ ಕಬ್ಬಿಣದ ಚೌಕಟ್ಟು ಕೂಡಿಸಿಕೊಟ್ಟ. ತಗಡು ಹೊಡೆದದ್ದು, ಕಿಟಕಿ ಕೂಡಿಸಿದ್ದು, ಬಣ್ಣ ಬಳಿದದ್ದು ಎಲ್ಲ ಅವಳೇ. ಹೆಣ್ಣುಮಗಳು ಡ್ರಿಲ್ ಹಿಡಿದದ್ದನ್ನು ನೋಡಲು ದಾರಿಹೋಕರು ಬೈಕ್ ನಿಲ್ಲಿಸುತ್ತಿದ್ದರು.

ಉಳಿದದ್ದು ಒಳಗಿನ ಗೋಡೆ. ಬಿಸಿಲಿಗೆ ತಗಡು ಕಾದು, ಒಳಗೆ ಹೆಂಚಿನ ಮೇಲೆ ನಿಂತಂತಾಗುತ್ತಿತ್ತು. ಥರ್ಮಾಕೋಲ್ ತುಂಬಿ ಮೇಲೆ ಪ್ಲೈವುಡ್ ಹೊಡೆಯಬೇಕು, ಬಸ್ಸಿಗೂ ಹಾಗೇ ಹಲಗೆ ಹೊಡೆಯುತ್ತಾರೆ ಎಂದು ಹಜರತಸಾಬ ತಿಳಿಯಹೇಳಿದ. ಅವಳಿಗೆ ಬಸ್ಸು ಬೇಕಿರಲಿಲ್ಲ, ಮನೆ ಬೇಕಿತ್ತು. ಮನೆ ಎಂದರೆ ಮಣ್ಣಿನ ಗೋಡೆ. ಕೈಯಿಂದ ಸವರಿದ್ದು, ಒರಗಿ ಕೂತರೆ ಬೆನ್ನಿಗೆ ತಂಪಾಗುವಂಥದ್ದು. ತಗಡಿನ ಒಳಮೈಗೆ ತಂತಿಯ ಜಾಳಿಗೆ ಬಿಗಿದು, ಮಣ್ಣಿಗೆ ಹೊಟ್ಟು ಸಗಣಿ ಕಲಸಿ ತುಳಿದು, ಅದರ ಮೇಲೆ ಮೆತ್ತಿ ಗಿಲಾವ್ ಮಾಡಿದಳು. ಒಣಗಿದ ಮೇಲೆ ಒಳಗೆ ಹೋಗಿ ನಿಂತೆ. ನಿಜ ಹೇಳಬೇಕು, ನನ್ನ ಸಿಮೆಂಟಿನ ಮನೆಗಿಂತ ಹಿತವಾಗಿತ್ತು.

ಅಷ್ಟರಲ್ಲಿ ಸವದತ್ತಿಯ ಮದುವೆಯೊಂದರ ರೊಟ್ಟಿ ಕೆಲಸ ಬಂತು. ಮನೆಯನ್ನೇ ಒಯ್ಯೋಣ, ಒಲೆ ಹೂಡಲು, ಮಲಗಲು ಯಾರನ್ನೂ ಜಾಗ ಬೇಡುವುದು ತಪ್ಪುತ್ತದೆ ಎಂದಳು. ನಾನು ಹುಕ್ಕು ಸಿಕ್ಕಿಸಿ ಎಳೆದೆ. ಬೈಲಹೊಂಗಲ ದಾಟುವುದರೊಳಗೆ ಹಿಂದೆ ಧಡ್ ಎಂಬ ಸದ್ದು. ಬಾಗಿಲು ತೆರೆದರೆ ಒಂದು ಬದಿಯ ಗೋಡೆ ಇಡಿಯಾಗಿ ಕಳಚಿ ಹಿಟ್ಟಿನ ಡಬ್ಬಿಗಳ ಮೇಲೆ ಬಿದ್ದಿತ್ತು. ಅವಳು ನನ್ನ ಡ್ರೈವಿಂಗಿಗೆ ಬೈದಳು. ನಾನು ಅವಳ ಮಣ್ಣಿಗೆ ಬೈದೆ.

ಊರಿಗೆ ಮರಳಿ ಮತ್ತೆ ಮೆತ್ತಿದಳು, ಈ ಸಲ ತೆಳ್ಳಗೆ. ಹೂಲಿಯಲ್ಲಿರುವ ಗೆಳತಿ ರೇಣುವಿನ ಮನೆಗೆ ಹೋಗಿಬರುವಷ್ಟರಲ್ಲಿ ಗೋಡೆಯ ಮೈತುಂಬ ಬಿರುಕು. ಮನೆ ಕಟ್ಟಿ ನೋಡು ಎಂದ ಹಿರಿಯರು ಗಾಲಿಯ ಮನೆ ಕಂಡಿರಲಿಲ್ಲ. ಅವಳಿಗೆ ನಿದ್ದೆ ಹಾರಿಹೋಯಿತು. ರೊಟ್ಟಿ ಬಡಿಯುತ್ತಿದ್ದವಳು ಎದ್ದು ಹೋಗಿ ಗೋಡೆ ತಟ್ಟಿ ನೋಡುವಳು. ಟೊಳ್ಳು ಸದ್ದು ಬಂದಲ್ಲಿ ಕೆರೆಯುವಳು, ಮತ್ತೆ ಮೆತ್ತುವಳು. ನೋಡಿ ನೋಡಿ ನನಗೇ ತಳಮಳ ಶುರುವಾಯಿತು. ಒಂದು ದಿನ ರೇಗಿ ಹೇಳಿಬಿಟ್ಟೆ: ಮಣ್ಣು ಬೇಕಾದರೆ ಮನೆ ಕದಲಬಾರದು, ಕದಲುವುದಾದರೆ ಮಣ್ಣಿನ ಆಸೆ ಬಿಡು, ಬೇವಿನ ಕೆಳಗೆ ಸುಮ್ಮನೆ ನಿಂತುಬಿಡಬಾರದೇ ಎಂದು.

ಅವಳು ಕೈಯ ಮಣ್ಣು ಉಜ್ಜಿಕೊಳ್ಳುತ್ತ ಅಂದಳು, "ನಿಂತರ ತಮ್ಮಗ ನಿದ್ದಿ ಬರೂದಿಲ್ಲ ಸತ್ಯಪ್ಪಣ್ಣಾ, ಹೋದರ ನನಗ ಬರೂದಿಲ್ಲ. ನಾ ಏನ್ ಮಾಡ್ಲಿ ಹೇಳ್ರಿ."

ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆ ಕಟ್ಟಿದವನು ಸಿಕ್ಕರೆ ಕೆನ್ನೆಗೆ ಎರಡು ಬಿಗಿಯಬೇಕು ಎನಿಸಿತು.

ಆದರೂ ನನ್ನ ಮಾತು ನಾಟಿತ್ತೇನೋ. ಮಳೆಗಾಲ ಪೂರ್ತಿ ಅವಳು ಎಲ್ಲಿಗೂ ಹೋಗಲಿಲ್ಲ. ರೊಟ್ಟಿ ಕಟ್ಟಿ ಬಸ್ಸಿಗೆ ಹಾಕಿ ಕಳಿಸಿದಳು. ಗಾಲಿಗಳ ಸುತ್ತ ಹುಲ್ಲು ಬೆಳೆಯಿತು, ಟೈರುಗಳು ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡವು. ಮಳೆ ನಿಂತ ಮೇಲೆ ಮೂರನೆಯ ಸಲ ಗಿಲಾವ್ ಹಚ್ಚಿದಳು, ದಪ್ಪಗೆ, ಅವಸರವಿಲ್ಲದೆ. ದೀಪಕ್ಕೊಂದು ಗೂಡನ್ನೂ ಬಿಟ್ಟಳು. ಅವಳು ನಡುವೆ ಏಳದೆ ಊಟ ಮುಗಿಸಿದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ.

ಕೊನೆಯ ಗೋಡೆಗೆ ಮಣ್ಣು ಮೆತ್ತುತ್ತಿದ್ದ ದಿನ ನಾನು ಬಾಗಿಲ ಮೆಟ್ಟಿಲಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಅರ್ಜುನ ಬಂದ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಯುವ ಯಂತ್ರವನ್ನು ಬೈಕಿನ ಹಿಂದೆ ಕಟ್ಟಿಕೊಂಡು ತಂದಿದ್ದ. ಕುಕ್ಕರುಗಾಲಲ್ಲಿ ಕೂತು, ಹುಲ್ಲು ಕಿತ್ತು, ಒಂದೊಂದೇ ಟೈರಿಗೆ ಗಾಳಿ ತುಂಬತೊಡಗಿದ. ಮನೆ ಒಂದು ಬದಿಯಿಂದ ಮೆಲ್ಲಗೆ ಮೇಲೆದ್ದಿತು. ಒಳಗೆ ಹಸಿ ಗೋಡೆ ಮೂಲೆಯಿಂದ ಮೂಲೆಗೆ ಸೀಳಿತು.

"ಗಾಳಿ ಇಳದಿತ್ತು ಅಕ್ಕಾ," ಎಂದ ಅವನು, ಅವಳ ಮುಖ ನೋಡದೆ. "ಟೈರ್ ಹಾಳಾಗತಾವ, ಅದಕ್ಕ."

ಅವಳು ಹರಿಹಾಯುತ್ತಾಳೆ ಎಂದು ನಾನು ಕಾದೆ. ಹಾಗೇನೂ ಆಗಲಿಲ್ಲ. ಅವನಿಗೂ ಚಹಾ ಕೊಟ್ಟಳು. ಅವನು ಹೋದ ಮೇಲೆ ಆ ಮಣ್ಣನ್ನೆಲ್ಲ ಕೈಯಿಂದಲೇ ಕೆರೆದು ಬುಟ್ಟಿ ತುಂಬಿ ಬೇವಿನ ಬುಡಕ್ಕೆ ಸುರಿದಳು. ಅಳುತ್ತಲೇ ಸುರಿದಳು, ನಾನಿದ್ದೇನೆ ಎಂಬ ಸಂಕೋಚವೂ ಇರಲಿಲ್ಲ. ಪ್ಲೈವುಡ್ ತರಲು ಹಜರತಸಾಬನಿಗೆ ಫೋನ್ ಮಾಡಿದ್ದು ನಾನೇ.

ಹಲಗೆಯ ಕೆಲಸ ಬೇಗ ಮುಗಿಯಿತು. ಮೇಲೆ ಹಳದಿ ಬಣ್ಣ ಬಳಿದಳು. ನಮ್ಮ ಮನೆ ಪಕ್ಕ ಜಾಗ ಖಾಲಿ ಇದೆ, ಬಂದುಬಿಡು ಎಂದು ರೇಣು ಹೂಲಿಯಿಂದ ಹೇಳಿಕಳಿಸಿದ್ದಳು. ಹೊರಡುವ ಬೆಳಿಗ್ಗೆ ಅರ್ಜುನ ಓಡಿಬಂದು ಕಿಟಕಿಯ ಕೆಳಗೆ ನಿಂತ. ಕಣ್ಣು ಕೆಂಪಾಗಿದ್ದವು. ಹಬ್ಬ ಮುಗಿಸಿ ಹೋಗಬಾರದೇ, ಇಷ್ಟು ಅವಸರ ಯಾಕೆ, ಎಷ್ಟು ದೂರ ಹೋಗುತ್ತೀ ಎಂದೆಲ್ಲ ಕೇಳಿದ.

ಅನ್ನಪೂರ್ಣಾ ಕಿಟಕಿಯಿಂದ ಕೈ ಚಾಚಿ ಅವನ ತಲೆ ಸವರಿದಳು.

"ನೀ ಗಾಳಿ ತುಂಬಿದಷ್ಟು ದೂರ, ತಮ್ಮಾ."

ಅವನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ನಾನು ಗೇರ್ ಹಾಕದೆ ಕಾದೆ. ಕೈ ಬಿಡಿಸಿಕೊಂಡು, ನಡೀರಿ ಎಂದವಳು ಅವಳೇ.